ಭಿಕ್ಷಾಪಾತ್ರೆ ಮಗುಚುವುದು ಯಾವಾಗ?





*ಇಂದಿನ ಧಮ್ಮ ಚಿಂತನ: ಕಂಪನಿಯ ಮಾಲನ್ನು ಬಹಿಷ್ಕರಿಸಬೇಕೆ?*

ಹೋದ ರವಿವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ: "ಅಣ್ಣಾರೆ, ಸಮುದ್ರಕ್ಕ ಎಣ್ಣಿ ಚೆಲ್ಲಿದ ಕಂಪನಿ ಪೆಟ್ರೋಲ್ ಹಾಕಿಸಬ್ಯಾಡ್ರಿ ಅಂತ ಮೆಸೇಜ್ ಬಂದದ. ಅದು ಖರೇ ಇದ್ರ, ನಮ್ಮೂರಾಗ ಧೂಳ ಹಾರಸೋ ಸಿಮೆಂಟ್ ಸುದ್ದಾ ನಾವು ತಗೋಬಾರದೇನ್ರಿ?" ಪ್ರಶ್ನೆ ಒಳ್ಳೆಯದು. ಅಲ್ಲಿ ನಾನು ಹೇಳಿದ್ದನ್ನು ಇಂದು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಮೊದಲು ಎಣ್ಣೆಯ ಮಾತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆ ಬಂದಾಗ, ಚೆನ್ನೈ ಹತ್ತಿರದ ಮಣಲಿಯ ತೈಲ ಶುದ್ಧೀಕರಣಾಗಾರದಿಂದ ಎಣ್ಣೆ ಹರಿದು ಎಣ್ಣೂರು ಹಿನ್ನೀರಿಗೆ ಸೇರಿತು. ಮೀನುಗಾರರ ದೋಣಿ, ಬಲೆಗಳಿಗೆ ಕಪ್ಪು ಜಿಡ್ಡು ಮೆತ್ತಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿ ಪ್ರಕರಣ ಎತ್ತಿಕೊಂಡಿತು. ಆ ಕಾರ್ಖಾನೆ ಇಂಡಿಯನ್ ಆಯಿಲ್‌ನ ಅಂಗಸಂಸ್ಥೆ. ಹಾಗಾದರೆ ಆ ಬೋರ್ಡಿನ ಬಂಕ್ ಬಿಟ್ಟು ಎದುರಿನ ಬಂಕಿಗೆ ಹೋದರೆ ಸಾಕೆ? ನಮ್ಮ ದೇಶದಲ್ಲಿ ಸರ್ಕಾರಿ ತೈಲ ಕಂಪನಿಗಳು ಒಂದರ ಶುದ್ಧೀಕರಣಾಗಾರದ ಪೆಟ್ರೋಲನ್ನು ಇನ್ನೊಂದು ಪಡೆದು ಮಾರುತ್ತವೆ. ಬೋರ್ಡು ಬದಲಾದರೂ ಟ್ಯಾಂಕಿನೊಳಗಿನ ಎಣ್ಣೆ ಅದೇ ಇರಬಹುದು.

ಅಮೆರಿಕದಲ್ಲೂ ಇದು ಕಂಡಿದೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಕೊರೆಯುವ ವೇದಿಕೆ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು. ತಿಂಗಳುಗಟ್ಟಲೆ ಎಣ್ಣೆ ಸಮುದ್ರಕ್ಕೆ ಹರಿಯಿತು. ಬಿಪಿ ಕಂಪನಿಯನ್ನು ಬಹಿಷ್ಕರಿಸಿ ಎಂಬ ಕೂಗು ಎದ್ದಿತು. ಆದರೆ ಆ ಹೆಸರಿನ ಬಂಕುಗಳಲ್ಲಿ ಹೆಚ್ಚಿನವು ಊರಿನ ಸಣ್ಣ ವ್ಯಾಪಾರಿಗಳವು. ಗಿರಾಕಿ ತಪ್ಪಿದ ಪೆಟ್ಟು ಮೊದಲು ಅವರಿಗೆ ಬಿತ್ತು. ಕಂಪನಿಗೆ ದೊಡ್ಡ ಪೆಟ್ಟು ಬಿದ್ದದ್ದು ನ್ಯಾಯಾಲಯದಲ್ಲಿ: 2015ರಲ್ಲಿ ಅದು ಸರ್ಕಾರಗಳಿಗೆ 2,000 ಕೋಟಿ ಡಾಲರಿಗೂ ಮೀರಿದ ಮೊತ್ತ ಕೊಡಲು ಒಪ್ಪಿತು.

ಹಾಗಂತ ಬಹಿಷ್ಕಾರ ಎಂದೂ ಫಲಿಸುವುದಿಲ್ಲ ಎಂದಲ್ಲ. 1995ರಲ್ಲಿ ಶೆಲ್ ಕಂಪನಿ ಬ್ರೆಂಟ್ ಸ್ಪಾರ್ ಎಂಬ ಹಳೆಯ ತೈಲ ಸಂಗ್ರಹಾಗಾರವನ್ನು ಸಮುದ್ರದಲ್ಲಿ ಮುಳುಗಿಸಲು ಹೊರಟಿತ್ತು. ಜರ್ಮನಿಯ ಜನ ಅದರ ಬಂಕುಗಳಿಗೆ ಹೋಗುವುದನ್ನೇ ಬಿಟ್ಟರು. ಕೆಲವೇ ವಾರಗಳಲ್ಲಿ ಕಂಪನಿ ಹಿಂದೆ ಸರಿಯಿತು. ಆದರೆ ಅದರೊಳಗೆ ಉಳಿದಿದ್ದ ಎಣ್ಣೆಯ ಪ್ರಮಾಣದ ಬಗ್ಗೆ ತಾನು ಹೇಳಿದ ಲೆಕ್ಕ ತಪ್ಪಾಗಿತ್ತು ಎಂದು ಗ್ರೀನ್‌ಪೀಸ್ ಆಮೇಲೆ ಕ್ಷಮೆ ಕೇಳಬೇಕಾಯಿತು. ಕಾಲಾಮರಿಗೆ ಭಗವಾನ್ ಬುದ್ಧರು ಕಲಿಸಿದ್ದು ಇಲ್ಲಿ ನೆನಪಿಗೆ ಬರಬೇಕು. ಕೇಳಿದ್ದು ಎಂಬ ಕಾರಣಕ್ಕೇ ನಂಬಬಾರದು, ಪರೀಕ್ಷಿಸಿ ಒಪ್ಪಬೇಕು. ನಮ್ಮ ಪರವಾದ ಸುದ್ದಿಗೂ ಈ ನಿಯಮ ಅನ್ವಯಿಸುತ್ತದೆ.

*ನಮ್ಮ ನೆಲದ ಲೆಕ್ಕ*

ಈಗ ನಮ್ಮ ಸುಣ್ಣದ ಕಲ್ಲಿನ ಸೀಮೆಗೆ ಬರೋಣ. ಮಳಖೇಡ, ಸೇಡಂ, ವಾಡಿ, ಇಟಗಾ, ಹೀಗೆ ಸುತ್ತಲೂ ಸಿಮೆಂಟ್ ಕಾರ್ಖಾನೆಗಳು. ಒಂದು ಬ್ರ್ಯಾಂಡ್ ಬಿಟ್ಟು ಇನ್ನೊಂದನ್ನು ಕೊಂಡರೆ ಹಣ ಯಾರಿಗೆ ಹೋಗುತ್ತದೆ? 2022ರಲ್ಲಿ ಎಸಿಸಿ ಮತ್ತು ಅಂಬುಜಾ ಎರಡೂ ಅದಾನಿ ಸಮೂಹದ ಕೈಗೆ ಹೋದವು. ಇಟಗಾದಲ್ಲಿ ಕಾರ್ಖಾನೆಯಿರುವ ಓರಿಯಂಟ್ ಸಿಮೆಂಟ್ 2025ರಲ್ಲಿ ಅಂಬುಜಾದ ಪಾಲಾಯಿತು. ಅದೇ ವರ್ಷ ಸೇಡಂನ ವಾಸವದತ್ತಾ ಅಲ್ಟ್ರಾಟೆಕ್‌ಗೆ ಸೇರಿತು. ಮಳಖೇಡದ ಕಾರ್ಖಾನೆ ಅದಕ್ಕೂ ಮೊದಲೇ ಅಲ್ಟ್ರಾಟೆಕ್‌ನದಾಗಿತ್ತು. ಚೀಲದ ಮೇಲಿನ ಹೆಸರು ಬೇರೆಯಾದರೂ ಮಾಲೀಕರು ಒಬ್ಬರೇ ಇರಬಹುದು.

ಇನ್ನೊಂದು ಮಾತು. ನಮ್ಮಂಥವರು ಬದುಕಿನಲ್ಲಿ ಒಮ್ಮೆ ಮನೆ ಕಟ್ಟುತ್ತೇವೆ. ಈ ಮಾಲಿನ ದೊಡ್ಡ ಗಿರಾಕಿಗಳು ನಗರದ ಬಿಲ್ಡರುಗಳು, ಗುತ್ತಿಗೆದಾರರು, ರಸ್ತೆ ಸೇತುವೆ ಕಟ್ಟಿಸುವ ಸರ್ಕಾರ. ನಾವು ಬಿಟ್ಟ ಒಂದೆರಡು ನೂರು ಚೀಲ ಅವರ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲದೆ ಲೋಡಿಂಗ್, ಕ್ವಾರಿ, ಗುತ್ತಿಗೆ ಕೂಲಿಯಲ್ಲಿ ನಮ್ಮ ಓಣಿಯ ಹುಡುಗರೇ ಇದ್ದಾರೆ. ಮಾಲು ಹೋಗದಿದ್ದರೆ ಮೊದಲು ಕೆಲಸದಿಂದ ತೆಗೆಯುವುದು ಅವರನ್ನೇ.

ಬಹಿಷ್ಕಾರ ಎಂಬ ಶಬ್ದದ ನೋವು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೆರೆ ನೀರು ಮುಟ್ಟಿದ್ದಕ್ಕೆ, ಕೂಲಿ ಕೇಳಿದ್ದಕ್ಕೆ ನಮ್ಮ ಹಿರಿಯರಿಗೆ ಅಂಗಡಿ ಬಂದ್, ಕೆಲಸ ಬಂದ್. ಬಾಬಾಸಾಹೇಬರು 1927ರಲ್ಲಿ ಆರಂಭಿಸಿದ ಪತ್ರಿಕೆಯ ಹೆಸರೇ 'ಬಹಿಷ್ಕೃತ ಭಾರತ'. ಸಾಮಾಜಿಕ ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧ ಮಾಡಬೇಕೆಂದು ಅವರು ದುಂಡುಮೇಜಿನ ಪರಿಷತ್ತಿನ ಕಾಲದಲ್ಲೇ ಬೇಡಿಕೆ ಇಟ್ಟಿದ್ದರು. 2015ರ ತಿದ್ದುಪಡಿಯಿಂದ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹೆಸರಿಸಿದ ಅಪರಾಧವಾಗಿದೆ. ಬಲವಂತರು ಬಡವರ ಅನ್ನ ಕಸಿಯುವುದು ಬೇರೆ, ಬಡವರು ಬಲವಂತರ ಮಾಲು ಬೇಡ ಎನ್ನುವುದು ಬೇರೆ. ಆದರೂ ಆ ಆಯುಧದ ಗಾಯ ಕಂಡವರು ನಾವು. ಅದನ್ನು ಎತ್ತುವ ಮುನ್ನ ಅದು ಯಾರಿಗೆ ತಾಗುತ್ತದೆ ಎಂದು ನೋಡಲೇಬೇಕು.

*ವಡ್ಢನ ಕಥೆ*

ಧಮ್ಮದಲ್ಲಿ ಇದಕ್ಕೊಂದು ದಾರಿ ಇದೆ. ವಿನಯ ಪಿಟಕದ ಚುಲ್ಲವಗ್ಗದಲ್ಲಿ ಅದಕ್ಕೆ 'ಪತ್ತನಿಕ್ಕುಜ್ಜನ' ಎಂದು ಹೆಸರು. ಹಾಗೆಂದರೆ ಭಿಕ್ಷಾಪಾತ್ರೆಯನ್ನು ಮಗುಚಿಡುವುದು. ವಡ್ಢ ಎಂಬ ಲಿಚ್ಛವಿ ಗೃಹಸ್ಥ ಕೆಟ್ಟ ಸ್ನೇಹಿತರ ಮಾತು ಕೇಳಿ, ಭಿಕ್ಖು ದಬ್ಬ ಮಲ್ಲಪುತ್ತರ ಮೇಲೆ ಸುಳ್ಳು ಆರೋಪ ಹೊರಿಸಿದ. ಬುದ್ಧರು ಸಂಘವನ್ನು ಸೇರಿಸಿ, ದಬ್ಬರನ್ನೇ ಕೇಳಿ ವಿಚಾರಿಸಿದರು. ಆರೋಪ ಸುಳ್ಳು ಎಂದು ತಿಳಿದ ಮೇಲೆ, ವಡ್ಢನಿಂದ ದಾನ ಸ್ವೀಕರಿಸಬಾರದೆಂದು ಸಂಘ ತೀರ್ಮಾನಿಸಿತು. ಭಂತೆ ಆನಂದರು ಅವನ ಮನೆಗೇ ಹೋಗಿ ತಿಳಿಸಿದರು. ಅವನು ಮೂರ್ಛೆ ಹೋದ. ಆಮೇಲೆ ಬಂದು ತಪ್ಪೊಪ್ಪಿಕೊಂಡಾಗ ಸಂಘ ಪಾತ್ರೆಯನ್ನು ಮತ್ತೆ ನೆಟ್ಟಗೆ ಮಾಡಿತು. 2007ರಲ್ಲಿ ಬರ್ಮಾದ ಭಿಕ್ಖುಗಳು ಸೇನಾಡಳಿತದವರ ದಾನ ನಿರಾಕರಿಸಿದ್ದು ಇದೇ ನಿಯಮದಿಂದ.

ಈ ಕ್ರಮದಲ್ಲಿ ನಾಲ್ಕು ಹೆಜ್ಜೆ ಇವೆ: ಮೊದಲು ವಿಚಾರಣೆ, ಆಮೇಲೆ ಎಲ್ಲರೂ ಕೂಡಿ ತೀರ್ಮಾನ, ಅದನ್ನು ಎದುರಿಗೆ ಹೋಗಿ ತಿಳಿಸುವುದು, ತಿದ್ದಿಕೊಂಡರೆ ಮರಳಿ ಬರಲು ಬಾಗಿಲು. ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಬರೀ ಸಿಟ್ಟು.

ಇನ್ನೊಂದನ್ನು ಗಮನಿಸಿ. ಭಿಕ್ಖುಗಳು ಏನನ್ನೂ ಕೊಳ್ಳುವವರಲ್ಲ, ಸ್ವೀಕರಿಸುವವರು. ಅವರ ಬಲ ಇದ್ದದ್ದು ಬೇಡ ಎನ್ನುವುದರಲ್ಲಿ. ನಮ್ಮ ಬಲವೂ ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಸಿಮೆಂಟ್ ಕೊಳ್ಳುವುದರಲ್ಲಿ ನಾವು ಸಣ್ಣವರು. ಆದರೆ ಜಯಂತಿಯ ಪೆಂಡಾಲಿಗೆ, ಊಟಕ್ಕೆ, ಡಿಜೆಗೆ ಕಾರ್ಖಾನೆಯವರ ಚಂದಾ ತೆಗೆದುಕೊಂಡು, ತೊಗರಿ ಎಲೆಯ ಮೇಲೆ ಧೂಳು ಕೂತಾಗ ಬಾಯಿ ಮುಚ್ಚಿಕೊಂಡರೆ, ನಾವು ನಮ್ಮ ಮೌನವನ್ನು ಮಾರಿದಂತೆ. ಬಾಯಿ ಕಟ್ಟುವ ಆ ಚಂದಾದ ಮುಂದೆ ಪಾತ್ರೆ ಮಗುಚಬೇಕು.

ಹಾಗಂತ ಶಾಲೆಯ ಕೋಣೆ, ನೀರಿನ ಘಟಕ ಬೇಡ ಎನ್ನಬೇಡಿ. ಅವು ದಾನವಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. 2015ರಿಂದ ಗಣಿಗಳವರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಆ ಹಣ ಇರುವುದೇ ಗಣಿಯಿಂದ ಬಾಧಿತರಾದವರ ನೀರು, ಆರೋಗ್ಯ, ಶಿಕ್ಷಣಕ್ಕೆ. ಅದು ಹಕ್ಕು. ಹಕ್ಕನ್ನು ತಲೆ ಎತ್ತಿ ಕೇಳಬೇಕು, ಅದಕ್ಕೆ ಕೃತಜ್ಞತೆಯ ಮೌನ ಕೊಡಬೇಕಾಗಿಲ್ಲ.

*ಸನ್ನತಿಯ ಕಲ್ಲು*

ನಮ್ಮ ಸನ್ನತಿಯಲ್ಲಿ 1986ರಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ ಕಳಿಂಗದ ಪ್ರತ್ಯೇಕ ಶಾಸನಗಳೂ ಇವೆ. ಅವು ಜನರಿಗೆ ಹೇಳಿದ ಬುದ್ಧಿಮಾತಲ್ಲ, ಅಧಿಕಾರಿಗಳಿಗೆ ಕೊಟ್ಟ ಆಜ್ಞೆ. ಪ್ರಜೆಗಳೆಲ್ಲ ರಾಜನಿಗೆ ಮಕ್ಕಳ ಸಮಾನ, ಆದ್ದರಿಂದ ಸಿಟ್ಟು, ಸೋಮಾರಿತನ, ಅಸೂಯೆ ಬಿಟ್ಟು ಪಕ್ಷಪಾತವಿಲ್ಲದೆ ನಡೆಯಿರಿ ಎಂಬುದು ಅದರ ಸಾರ. ಅಂದರೆ ಗಾಳಿ ನೀರು ಕಾಯುವ ಹೊಣೆ ಮೊದಲು ಅಧಿಕಾರದಲ್ಲಿ ಕೂತವರದು. ಪಕ್ಕದ ಕನಗನಹಳ್ಳಿಯ ಸ್ತೂಪ ಕಟ್ಟಿದ್ದು ಇದೇ ಸುಣ್ಣದ ಕಲ್ಲಿನಿಂದ. ಈ ಕಲ್ಲು ನಮಗೆ ಧಮ್ಮವನ್ನೂ ಕೊಟ್ಟಿದೆ, ಕೂಲಿಯನ್ನೂ ಕೊಟ್ಟಿದೆ. ಕೆಮ್ಮು ಮಾತ್ರ ನಮ್ಮ ಪಾಲಿಗೆ ಉಳಿಯಬಾರದು.

ಹೀಗಾಗಿ ಆ ಹುಡುಗನಿಗೆ ನನ್ನ ಉತ್ತರ ಇದು: ಇನ್ನೊಂದು ಕಂಪನಿಯ ಚೀಲ ಕೊಂಡು ಕರ್ತವ್ಯ ಮುಗಿಯಿತು ಎಂದುಕೊಳ್ಳಬೇಡ. ಪರೀಕ್ಷಿಸು, ದೂರು ಕೊಡು, ಕೈ ಒಡ್ಡಬೇಡ. ಇಷ್ಟೆಲ್ಲ ಮಾಡಿಯೂ ಕೇಳದಿದ್ದರೆ ಆಗ ಎಲ್ಲರೂ ಕೂಡಿ ಬಹಿಷ್ಕಾರದ ಮಾತು ಆಡೋಣ.

*ಈ ವಾರದ ಅಭ್ಯಾಸ*

1. ಮನೆಯ ಮಾಳಿಗೆ, ಹೊಲದ ಬೆಳೆಯ ಮೇಲೆ ಧೂಳು ಕಂಡ ದಿನ, ವೇಳೆ, ಗಾಳಿಯ ದಿಕ್ಕನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಫೋಟೋ ತೆಗೆಯಿರಿ. ನೋಡಿದಷ್ಟೇ ಬರೆಯಿರಿ, ಹೆಚ್ಚಿಸಿ ಬರೆಯಬೇಡಿ. ನಾಲ್ಕನೇ ಶೀಲ ಇಲ್ಲಿಯೂ ಇದೆ.

2. ಅದನ್ನು ಸೇರಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಹೊಸ ಗಣಿ ಅಥವಾ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆ ಕರೆದರೆ ಹೋಗಿ ಮಾತಾಡಿ, ನಿಮ್ಮ ಮಾತು ನಡಾವಳಿಯಲ್ಲಿ ದಾಖಲಾಯಿತೇ ನೋಡಿ.

3. ಮುಂದಿನ ಜಯಂತಿಯ ಚಂದಾ ಪಟ್ಟಿಯನ್ನು ಈಗಲೇ ಚರ್ಚಿಸಿ. ಮನೆಗೆ 100 ರೂಪಾಯಿ ಹಾಕಿ ಸಣ್ಣದಾಗಿ ಮಾಡಿದರೂ ಸರಿ, ಅದು ನಮ್ಮದೇ ಇರಲಿ.

ಓದಿದವರು ಓದಲು ಬಾರದ ಅಮ್ಮ ಅಪ್ಪಂದಿರಿಗೆ ಓದಿ ಹೇಳಿ. ಪ್ರಶ್ನೆ ಇದ್ದರೆ ರವಿವಾರ ವಿಹಾರಕ್ಕೆ ಬನ್ನಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

ಜೈ ಭೀಮ್. ನಮೋ ಬುದ್ಧಾಯ.