ಗದುಗಿನ ಗವಾಯಿಗಳು: ವಿದ್ಯೆಯೇ ಅನ್ನವಾದ ಬಗೆ

ಹಸಿದ ಅಂಧ ಬಾಲಕನಿಗೆ ಒಂದು ಹೊತ್ತಿನ ಊಟವಿಕ್ಕುವುದು ಪುಣ್ಯದ ಕಾರ್ಯವೇ ಸರಿ. ಆದರೆ ಬಾಳಿನುದ್ದಕ್ಕೂ ಅನ್ನ ದೊರಕಿಸಿಕೊಡುವ ವಿದ್ಯೆಯನ್ನು ಅವನಿಗೆ ಧಾರೆಯೆರೆಯುವುದು ಅದಕ್ಕಿಂತ ಹಿರಿದಾದ ದಾನ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಇಬ್ಬರು ಗವಾಯಿಗಳ ಜೀವನವೇ ಈ ಮಾತಿಗೆ ಸಾಕ್ಷಿ.

ಪಂಚಾಕ್ಷರ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಹುಟ್ಟುಹೆಸರು ಗದಿಗೆಯ್ಯ, ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಬಾಲಕನ ಕಂಠವನ್ನು ಗುರುತಿಸಿ ಆಶ್ರಯವಿತ್ತರು. ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮಿರಜಕರ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಕಲಿತ ಗವಾಯಿಗಳು, ಪಡೆದುದನ್ನು ತಮಗಾಗಿ ಕೂಡಿಡಲಿಲ್ಲ. ಅಂಧರನ್ನೂ ಅನಾಥರನ್ನೂ ಕರೆದುಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಶಾಲೆಗೆ ಮೊದಲು ಗೋಡೆಗಳಿರಲಿಲ್ಲ, ಗುರುವಿದ್ದನು, ಗುರುವಿದ್ದಲ್ಲಿಯೇ ಶಾಲೆ. ಮುಂದೆ ಅದು ಗದುಗಿನಲ್ಲಿ ನೆಲೆನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದರು.

ಆಶ್ರಮದ ಭಾರ ಹೊತ್ತವರು ಶಿಷ್ಯರಾದ ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಜನಿಸಿದ ಇವರೂ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡವರು. ಗಾಯನದ ಜತೆಗೆ ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ವಾದ್ಯಗಳು ಇವರಿಗೆ ಕರಗತ. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥರಚನೆ ಮಾಡಿದರು. ನೂರಾರು ಮಕ್ಕಳ ಊಟ, ವಸತಿ, ಪಾಠಗಳಿಗೆ ಹಣ ಬೇಕಾದಾಗ ನಾಟಕ ಮಂಡಳಿ ಕಟ್ಟಿ, ತಾವೇ ನಾಟಕ ಬರೆದು ಆಡಿಸಿದರು. ಭಕ್ತರು ಊರೂರುಗಳಲ್ಲಿ ಮಾಡಿದ ತುಲಾಭಾರದ ನಾಣ್ಯವೂ ಆಶ್ರಮಕ್ಕೇ ಸಂದಿತು. ಗುರುವಿನ ತೂಕದ ಹಣ ಶಿಷ್ಯರ ಅನ್ನವಾಯಿತು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು; ಅದೇ ವರ್ಷ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು.

ಫಲವೇನು? ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು ಅವರಿಗೆ 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ ದೊರೆತವು. ಪುಟ್ಟರಾಜರಲ್ಲಿ ಹನ್ನೆರಡು ವರ್ಷ ಕಲಿತ ಎಂ. ವೆಂಕಟೇಶಕುಮಾರ ಅವರು 2016ರಲ್ಲಿ ಪದ್ಮಶ್ರೀ ಪಡೆದರು. ಆದರೆ ಆಶ್ರಮದ ಸಾಧನೆಯನ್ನು ಪ್ರಶಸ್ತಿಗಳಿಂದಷ್ಟೇ ಅಳೆಯಲಾಗದು. ಹಳ್ಳಿಯ ಶಾಲೆಯಲ್ಲಿ ಸಂಗೀತ ಶಿಕ್ಷಕನಾಗಿ, ಪುರಾಣ ಪ್ರವಚನಕ್ಕೆ ತಬಲಾ ಸಾಥಿಯಾಗಿ ದುಡಿದು, ಯಾರ ಮುಂದೆಯೂ ಕೈಯೊಡ್ಡದೆ ಸಂಸಾರ ಸಾಗಿಸುವ ಅಂಧ ಕಲಾವಿದನೂ ಆ ಗುರುಗಳ ಕೀರ್ತಿಯೇ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಶಿಕ್ಷಕರೂ ದಾನಿಗಳೂ ಇದರಿಂದ ಅರಿಯತಕ್ಕ ಪಾಠವೊಂದಿದೆ. ಬಾಲಕನಲ್ಲಿ ಇಲ್ಲದುದನ್ನು ಕಂಡು ಮರುಗುವುದು ಸುಲಭ. ಇರುವುದನ್ನು ಗುರುತಿಸಿ ಬೆಳೆಸುವವನೇ ಗುರು.