99.35 ಮತ್ತು 31.4: ಲಿಟರೇಚರ್ ಸರ್ವೇ ಮಾಡೋದು ಹೇಗೆ?

ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಆರಿಸಿಕೊಂಡಿದ್ದು, ಎಲೆಯ ಫೋಟೋ ನೋಡಿ ಟೊಮ್ಯಾಟೊ ಗಿಡಕ್ಕೆ ಯಾವ ರೋಗ ಬಂದಿದೆ ಅಂತ ಹೇಳುವ ಆ್ಯಪ್. ನಮ್ಮಲ್ಲಿ ಒಬ್ಬನ ಊರು ಕೋಲಾರದ ಹತ್ತಿರ, ಅವರ ಅಪ್ಪ ಟೊಮ್ಯಾಟೊ ಬೆಳೀತಾರೆ.

ಲಿಟರೇಚರ್ ಸರ್ವೇ ಅಂತ ನಾವು ಮಾಡಿದ್ದು ಎಲ್ಲರೂ ಮಾಡೋದೇ. ಮೊದಲು ಸಿಕ್ಕ ಹತ್ತು ಪೇಪರ್‌ಗಳ ಅಬ್‌ಸ್ಟ್ರಾಕ್ಟ್ ಓದಿ ರಿಪೋರ್ಟ್‌ಗೆ ಹಾಕಿದ್ವಿ. ಎಲ್ಲದರಲ್ಲೂ ಅಕ್ಯುರಸಿ 95ರ ಮೇಲೆ. ನಮ್ಮ ಮಾಡೆಲ್‌ಗೂ 97 ಬಂತು, ಖುಷಿಯೋ ಖುಷಿ. ಹಬ್ಬಕ್ಕೆ ಊರಿಗೆ ಹೋದ ಗೆಳೆಯ ತೋಟದಲ್ಲಿ 20 ಫೋಟೋ ತೆಗೆದು ಹಾಕಿ ನೋಡಿದ. ಸರಿ ಬಂದಿದ್ದು 6. "ಇದನ್ನ ನಂಬಿ ಔಷಧಿ ಹೊಡೆದಿದ್ರೆ ನಮ್ಮ ಗತಿ ಏನಪ್ಪಾ?" ಅಂದ್ರಂತೆ ಅವರ ಅಪ್ಪ.

ನಮ್ಮ ಲ್ಯಾಬ್‌ನಲ್ಲಿ ಪಿಎಚ್‌ಡಿ ಮಾಡ್ತಿರೋ ಮೇಡಂ ಹತ್ತಿರ ಹೋದ್ವಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀವು ಓದಿದ ಪೇಪರ್‌ಗಳಲ್ಲಿ ಟೆಸ್ಟ್ ಮಾಡಿದ ಫೋಟೋಗಳು ಎಲ್ಲಿ ತೆಗೆದಿದ್ದು?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರು ಕಲಿಸಿಕೊಟ್ಟಿದ್ದನ್ನ ಇಲ್ಲಿ ಬರೀತಿದ್ದೀವಿ.

1. ಪದಗಳ ಪಟ್ಟಿ ಮಾಡಿ

ಒಂದೇ ಕೆಲಸವನ್ನ ಒಬ್ಬರು ಡಿಟೆಕ್ಷನ್ ಅಂತಾರೆ, ಇನ್ನೊಬ್ಬರು ಕ್ಲಾಸಿಫಿಕೇಶನ್, ಮತ್ತೊಬ್ಬರು ಡಯಾಗ್ನೋಸಿಸ್. ಹುಡುಕುವ ಮೊದಲೇ ಇಂಥ ಪದಗಳನ್ನ ಬರೆದಿಟ್ಟುಕೊಳ್ಳಿ. ಗೂಗಲ್ ಸ್ಕಾಲರ್‌ನಲ್ಲಿ ಎರಡು ಪದ ಜೊತೆಯಾಗೇ ಬರಬೇಕು ಅಂದ್ರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ನಾವು "ಫೀಲ್ಡ್ ಕಂಡಿಶನ್ಸ್" ಅಂತ ಸೇರಿಸಿದ ತಕ್ಷಣ ಬೇರೆಯದೇ ಪೇಪರ್‌ಗಳು ಬಂದವು.

2. ಅಬ್‌ಸ್ಟ್ರಾಕ್ಟ್‌ಗೆ ನಿಲ್ಲಬೇಡಿ

ನಮ್ಮ ವಿಷಯದಲ್ಲಿ ಎಲ್ಲರೂ ಹೆಸರಿಸುವ ಪೇಪರ್ ಮೊಹಾಂತಿ, ಹ್ಯೂಸ್ ಮತ್ತು ಸಲಾತೆ ಅವರದ್ದು. 2016ರಲ್ಲಿ 'ಫ್ರಾಂಟಿಯರ್ಸ್ ಇನ್ ಪ್ಲಾಂಟ್ ಸೈನ್ಸ್' ಜರ್ನಲ್‌ನಲ್ಲಿ ಬಂದಿದ್ದು. ಪ್ಲಾಂಟ್‌ವಿಲೇಜ್ ಅನ್ನೋ ಡೇಟಾಸೆಟ್‌ನ 54,306 ಫೋಟೋ, 14 ಬೆಳೆ, 26 ರೋಗ. ಅಬ್‌ಸ್ಟ್ರಾಕ್ಟ್‌ನಲ್ಲಿ ಅಕ್ಯುರಸಿ 99.35%. ನಾವು ಅಲ್ಲಿಗೇ ನಿಂತಿದ್ವಿ. ಒಳಗೆ ಓದಿದ್ರೆ, ಬೇರೆ ಸನ್ನಿವೇಶದಲ್ಲಿ ತೆಗೆದ ಫೋಟೋ ಕೊಟ್ಟಾಗ ಅದು 31.4%ಕ್ಕೆ ಇಳಿಯಿತು ಅಂತ ಅವರೇ ಬರೆದಿದ್ದಾರೆ. ಆ ಡೇಟಾಸೆಟ್‌ನಲ್ಲಿ ಸಾದಾ ಹಿನ್ನೆಲೆಯ ಮೇಲೆ ಒಂದೊಂದೇ ಎಲೆ ಇಟ್ಟು ಫೋಟೋ ತೆಗೆದಿದ್ದಾರೆ. ತೋಟದಲ್ಲಿ ಮಣ್ಣು, ನೆರಳು, ಪಕ್ಕದ ಗಿಡ ಎಲ್ಲಾ ಇರುತ್ತೆ. ಲೇಖಕರು ಏನನ್ನೂ ಮುಚ್ಚಿಡಲಿಲ್ಲ, ನಾವೇ ಓದಲಿಲ್ಲ.

3. ಹಿಂದಕ್ಕೂ ಹೋಗಿ, ಮುಂದಕ್ಕೂ ಹೋಗಿ

ರೆಫರೆನ್ಸ್ ಪಟ್ಟಿ ಹಿಡಿದರೆ ಹಳೆಯ ಕೆಲಸ ಸಿಗುತ್ತೆ. ಸ್ಕಾಲರ್‌ನಲ್ಲಿ 'ಸೈಟೆಡ್ ಬೈ' ಒತ್ತಿದರೆ ಆಮೇಲೆ ಬಂದವರು ಏನಂದ್ರು ಅಂತ ಸಿಗುತ್ತೆ. ಹಾಗೆ ಮುಂದೆ ಹೋದಾಗ ನೋಯನ್ ಅವರ 2022ರ ಪೇಪರ್ ಸಿಕ್ಕಿತು. ಅವರು ಪ್ಲಾಂಟ್‌ವಿಲೇಜ್ ಫೋಟೋಗಳ ಹಿನ್ನೆಲೆಯಿಂದ ಬರೀ 8 ಪಿಕ್ಸೆಲ್ ತಗೊಂಡು ಮಾಡೆಲ್ ಮಾಡಿದ್ರು. ಎಲೆಯನ್ನೇ ನೋಡದೆ 49% ಸರಿ ಉತ್ತರ! ಸುಮ್ಮನೆ ಊಹಿಸಿದ್ರೆ ಬರಬೇಕಾಗಿದ್ದು 2.6%. ಅಂದ್ರೆ ನಮ್ಮ 97ರಲ್ಲಿ ಎಷ್ಟು ಎಲೆಯದ್ದು, ಎಷ್ಟು ಹಿನ್ನೆಲೆಯದ್ದು ಅಂತ ನಮಗೇ ಗೊತ್ತಿಲ್ಲ.

4. ಮೂರು ಸುತ್ತು ಓದಿ

ಪ್ರೊ. ಎಸ್. ಕೇಶವ್ 2007ರಲ್ಲಿ ಬರೆದ 'ಹೌ ಟು ರೀಡ್ ಎ ಪೇಪರ್' ಎರಡೇ ಪುಟದ ಬರಹ. ಮೊದಲ ಸುತ್ತು 5ರಿಂದ 10 ನಿಮಿಷ: ಶೀರ್ಷಿಕೆ, ಅಬ್‌ಸ್ಟ್ರಾಕ್ಟ್, ಪೀಠಿಕೆ, ಉಪಶೀರ್ಷಿಕೆಗಳು, ಕೊನೆಯ ತೀರ್ಮಾನ. ಬೇಕು ಅನ್ನಿಸಿದ್ರೆ ಮಾತ್ರ ಎರಡನೇ ಸುತ್ತು, ಚಿತ್ರ ಮತ್ತು ಗ್ರಾಫ್ ಗಮನಿಸಿ. ಮೂರನೆಯದು, ಆ ಕೆಲಸವನ್ನ ನಾವೇ ಮಾಡ್ತಿದ್ದೀವಿ ಅಂದುಕೊಂಡು ಪ್ರತಿ ಹೆಜ್ಜೆಯನ್ನೂ ಪ್ರಶ್ನಿಸುತ್ತಾ ಓದೋದು. ಹತ್ತು ಪೇಪರ್‌ಗೂ ಮೂರು ಸುತ್ತು ಬೇಡ, ಎರಡಕ್ಕೆ ಮಾಡಿದ್ರೂ ಸಾಕು.

5. ಪ್ರಕಟವಾದ ಮಾತ್ರಕ್ಕೆ ನಂಬಬೇಡಿ

2005ರಲ್ಲಿ ಎಂಐಟಿಯ ಮೂವರು ವಿದ್ಯಾರ್ಥಿಗಳು ಅರ್ಥವಿಲ್ಲದ ಪೇಪರ್ ತಾನಾಗೇ ಬರೆಯೋ 'ಸೈಜೆನ್' ಅನ್ನೋ ಪ್ರೋಗ್ರಾಂ ಮಾಡಿದ್ರು. ಅದು ಬರೆದ ಪೇಪರ್ ಒಂದು ಕಾನ್ಫರೆನ್ಸ್‌ಗೆ ಆಯ್ಕೆಯೂ ಆಯ್ತು! 2014ರಲ್ಲಿ ಸ್ಪ್ರಿಂಗರ್ ಮತ್ತು ಐಇಇಇ ಇಂಥ 120ಕ್ಕೂ ಹೆಚ್ಚು ಪೇಪರ್‌ಗಳನ್ನ ತೆಗೆದುಹಾಕಬೇಕಾಯ್ತು. ಸೈಟೇಶನ್ ಜಾಸ್ತಿ ಇದ್ರೂ ಅದೇ ಕೊನೆಯ ಮಾತಲ್ಲ, ತಪ್ಪು ತೋರಿಸೋಕೂ ಸೈಟ್ ಮಾಡ್ತಾರೆ. ಇನ್ನು ಎಐ ಕೊಟ್ಟ ರೆಫರೆನ್ಸ್ ಇದ್ರೆ ಅದರ ಡಿಒಐ ನಂಬರ್ ಹಾಕಿ ಪೇಪರ್ ನಿಜವಾಗ್ಲೂ ಇದೆಯಾ ನೋಡಿ. ನಮ್ಮ ರಿಪೋರ್ಟ್‌ನಲ್ಲಿದ್ದ ಒಂದು ಪೇಪರ್ ಯಾರೂ ಬರೆದೇ ಇರಲಿಲ್ಲ.

6. ಟೇಬಲ್ ಮಾಡಿ

ಪೇಪರ್‌ಗೆ ಒಂದು ಸಾಲು. ಕಾಲಂಗಳು: ಪ್ರಶ್ನೆ ಏನು, ಡೇಟಾ ಎಲ್ಲಿಂದ, ಟೆಸ್ಟ್ ಯಾವುದರ ಮೇಲೆ, ಫಲಿತಾಂಶ, ಮಿತಿ. ಆಮೇಲೆ ಅಡ್ಡ ಓದದೆ ಮೇಲಿಂದ ಕೆಳಗೆ ಓದಿ. ನಮ್ಮ ಟೇಬಲ್‌ನ 'ಟೆಸ್ಟ್' ಕಾಲಂನಲ್ಲಿ ಹತ್ತರಲ್ಲಿ ಎಂಟು ಕಡೆ ಒಂದೇ ಉತ್ತರ: ಪ್ಲಾಂಟ್‌ವಿಲೇಜ್. "ಹೀಗೆ ಎಲ್ಲರೂ ಬಿಟ್ಟಿರೋ ಜಾಗ ಕಾಣಬೇಕು, ಪಿಎಚ್‌ಡಿ ಶುರುವಾಗೋದೇ ಅಲ್ಲಿಂದ" ಅಂದ್ರು ಮೇಡಂ.

ರಿಪೋರ್ಟ್‌ನಲ್ಲಿ ಈಗ ನಮ್ಮ 97ರ ಪಕ್ಕದಲ್ಲೇ 20ಕ್ಕೆ 6 ಅಂತಾನೂ ಬರೆದಿದ್ದೀವಿ. ಮಾರ್ಕ್ಸ್ ಕಡಿಮೆ ಆಗಬಹುದು ಅಂತ ಸ್ವಲ್ಪ ಭಯ ಇದೆ. ಗೆಳೆಯ ಮಾತ್ರ ಪ್ರತಿ ಸಲ ಊರಿಗೆ ಹೋದಾಗ ತೋಟದ ಫೋಟೋ ತೆಗೆದು ತರ್ತಿದ್ದಾನೆ, ಯಾವ ಎಲೆಗೆ ಯಾವ ರೋಗ ಅಂತ ಅವರ ಅಪ್ಪನೇ ಹೇಳಿ ಬರೆಸ್ತಿದ್ದಾರೆ.