ಹದಿಹರೆಯದ ತಾಯಿಗೆ ನೆರವಾಗುವ ಬಗೆ

ನಿಮ್ಮ ಬೀದಿಯಲ್ಲೋ ಬಳಗದಲ್ಲೋ ಹದಿನಾರು ಹದಿನೇಳರ ಹುಡುಗಿಯೊಬ್ಬಳು ಬಸುರಿ ಎಂದು ತಿಳಿಯಿತು ಎನ್ನೋಣ. ಏನಾದರೂ ಮಾಡಬೇಕೆನಿಸುತ್ತದೆ, ಏನೆಂದು ತೋಚುವುದಿಲ್ಲ. ‘ಯಾರು, ಹೇಗೆ’ ಎಂಬ ಪ್ರಶ್ನೆಗಳನ್ನು ನೀವು ಕೇಳಬೇಡಿ. ಕೇಳಲು ತರಬೇತಿ ಪಡೆದವರಿದ್ದಾರೆ. ‘ಊಟ ಆಯ್ತಾ? ರಾತ್ರಿ ನಿದ್ದೆ ಬಂತಾ?’ ಇಷ್ಟೇ ಸಾಕು.

ಮೊದಲು ಅವಳ ದೇಹವನ್ನು ಅರ್ಥಮಾಡಿಕೊಳ್ಳಿ. ಅವಳೇ ಇನ್ನೂ ಬೆಳೆಯುತ್ತಿರುವವಳು. ಉಂಡ ಅನ್ನದಲ್ಲಿ ಬೆಳೆಯುವ ಜೀವಗಳು ಎರಡು. ಈ ವಯಸ್ಸಿನಲ್ಲಿ ರಕ್ತದೊತ್ತಡ ಏರಿ ಬರುವ ನಂಜು, ದಿನ ತುಂಬದ ಹೆರಿಗೆ, ಕಡಿಮೆ ತೂಕದ ಕೂಸು ಇವುಗಳ ಭಯ ಹೆಚ್ಚು. ಹಿಮೋಗ್ಲೋಬಿನ್ ಎಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಅಂಶ. ಬಸುರಿಯಲ್ಲಿ ಅದು 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಕಬ್ಬಿಣಾಂಶದ ಮಾತ್ರೆ ಕೊಡಿಸಿದರೆ ಸಾಲದು, ನುಂಗಿದಳೇ ಎಂದು ನೋಡಬೇಕು. ಹೊಟ್ಟೆ ತೊಳಸುತ್ತದೆಂದು ಎಷ್ಟೋ ಹುಡುಗಿಯರು ಅದನ್ನು ದಿಂಬಿನಡಿ ಸೇರಿಸುತ್ತಾರೆ.

ಆಸ್ಪತ್ರೆಗೆ ಬರಲು ಅವರಿಗಿರುವ ದೊಡ್ಡ ಅಡ್ಡಿ ಹೆದರಿಕೆ. ಹದಿನೆಂಟರೊಳಗಿನ ಹುಡುಗಿಯ ಗರ್ಭವನ್ನು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಕಾಯ್ದೆಯಡಿ ವರದಿ ಮಾಡುವುದು ವೈದ್ಯರಿಗೆ ಕಡ್ಡಾಯ. ಇದನ್ನು ಮನೆಯವರಿಂದ ಮುಚ್ಚಿಡಬೇಡಿ. ಆದರೆ ಚಿಕಿತ್ಸೆ ಅದಕ್ಕಾಗಿ ಕಾಯಬೇಕಿಲ್ಲ ಎಂಬುದನ್ನೂ ಹೇಳಿ. ಗರ್ಭ ಬೇಡವೆಂದರೆ, ಅಪ್ರಾಪ್ತೆಗೆ 24 ವಾರಗಳವರೆಗೆ ಕಾನೂನಿನಲ್ಲಿ ಅವಕಾಶವಿದೆ; ಪೋಷಕರ ಒಪ್ಪಿಗೆ ಬೇಕು. ಅವಳು ಮತ್ತು ಪೋಷಕರು ಕೋರಿದರೆ, ಅಂಥ ಗರ್ಭಪಾತದ ವರದಿಯಲ್ಲಿ ವೈದ್ಯರು ಹೆಸರು ಬಿಡಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ‘ಮದುವೆ ಮಾಡಿಬಿಟ್ಟರೆ ಸರಿಹೋಯಿತು’ ಎನ್ನುವ ಹಿರಿಯರು ಎಲ್ಲೆಡೆ ಇರುತ್ತಾರೆ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಅದು ಪರಿಹಾರವಲ್ಲ, ಇನ್ನೊಂದು ಅಪರಾಧ. ಮನೆಯಲ್ಲೇ ಅಪಾಯವಿದ್ದರೆ 1098ಕ್ಕೆ ಕರೆ ಮಾಡಿ, ಅದು ಮಕ್ಕಳ ಸಹಾಯವಾಣಿ.

ಮುಂದಿನ ದಾರಿ ನಿಮ್ಮೂರಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಅವರ ಮೂಲಕ ತಾಯಿ ಕಾರ್ಡ್ ಮಾಡಿಸಿ. ತಪಾಸಣೆ, ಚುಚ್ಚುಮದ್ದುಗಳ ದಾಖಲೆಯೆಲ್ಲ ಅದರಲ್ಲಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ ಉಚಿತ. ಅಂಗನವಾಡಿಯಲ್ಲಿ 2017ರಿಂದ ಇರುವ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರಿಗೆ ಮಧ್ಯಾಹ್ನದ ಬಿಸಿಯೂಟ ಕೊಡುತ್ತದೆ. ಅಲ್ಲಿಗೆ ಒಬ್ಬಳೇ ಹೋಗಲು ಅವಳಿಗೆ ನಾಚಿಕೆ. ಮೊದಲ ನಾಲ್ಕು ದಿನ ನೀವು ಜೊತೆಗೆ ಹೋಗಿ.

ಬಾಣಂತನದಲ್ಲಿ ನಮ್ಮ ಹಿರಿಯರ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಇರಲಿ. ನೀರು ಕಡಿಮೆ ಕೊಡುವುದು, ಗಿಣ್ಣು ಹಾಲು ಹಿಂಡಿ ಚೆಲ್ಲುವುದು ಬೇಡವೇ ಬೇಡ. ಹುಟ್ಟಿದ ಗಂಟೆಯೊಳಗೆ ಕೂಸಿಗೆ ಸಿಗಬೇಕಾದದ್ದು ಆ ಹಾಲೇ. ಆಸ್ಪತ್ರೆಯ ಹೆರಿಗೆಯಾದರೆ 3ನೇ ದಿನದಿಂದ 42ನೇ ದಿನದವರೆಗೆ ಆಶಾ ಆರು ಬಾರಿ ಮನೆಗೆ ಬರಬೇಕು. ಬಾರದಿದ್ದರೆ ಕೇಳಿ. ಹುಡುಗಿ ಕಾರಣವಿಲ್ಲದೆ ಅಳುತ್ತಿದ್ದರೆ, ಎರಡು ವಾರ ಕಳೆದರೂ ಮಗುವಿನ ಮುಖ ನೋಡಲು ಮನಸ್ಸಿಲ್ಲದಿದ್ದರೆ, ಅದನ್ನು ಸೋಮಾರಿತನವೆನ್ನದೆ ವೈದ್ಯರಿಗೆ ತೋರಿಸಿ.

ಎಲ್ಲರೂ ಕೊನೆಗಿಡುವ, ನನ್ನ ಮಟ್ಟಿಗೆ ಮೊದಲೇ ಬರಬೇಕಾದ ವಿಷಯ ಓದು. ಶಾಲೆ ಬಿಟ್ಟವರೂ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ಅರ್ಜಿ ತುಂಬುವುದು ಅರ್ಧ ದಿನದ ಕೆಲಸ. ಕಷ್ಟವಿರುವುದು ಓದಲು ಬಿಡುವು ಸಿಗುವುದರಲ್ಲಿ. ಸಂಜೆ ಎರಡು ಗಂಟೆ ಮಗುವನ್ನು ನೀವು ನೋಡಿಕೊಳ್ಳಬಲ್ಲಿರಾದರೆ ಅವಳ ತಾಯಿಗೆ ಈ ವಾರವೇ ತಿಳಿಸಿ, ಯಾವ ಯಾವ ದಿನವೆಂದೂ ಹೇಳಿ.